ಹಲಿಸ್ಕೋದ ಮೇಕೆ ಬಿರ್ರಿಯಾ ಟಾಕೊ: ಹಿನ್ನೆಲೆ, ಪೌಷ್ಟಿಕಾಂಶ, ಮಾಡೋ ವಿಧಾನ ಎಲ್ಲಾ ಒಂದೇ ಕಡೆ

ರೀಲ್ಸ್‌ಲ್ಲಿ ನೋಡೇ ಇರ್ತೀರಾ, ಕೆಂಪು ಎಣ್ಣೇಲಿ ಅದ್ದಿದ ಟಾಕೊ (ರೊಟ್ಟಿ ಮಡಚಿ ಒಳಗೆ ಮಾಂಸ ತುಂಬಿದ್ದು), ಮುರಿದ್ರೆ ಚೀಸ್ ಮಾರುದ್ದ ಎಳ್ಕೊಂಡು ಬರುತ್ತೆ, ಪಕ್ಕದಲ್ಲಿ ಒಂದು ಕಪ್ ಸಾರು, ಅದ್ರಲ್ಲಿ ಅದ್ದಿ ತಿಂದು ಕಣ್ಣು ಮುಚ್ಚೋದು. ಅದು ಕೇಸಾಬಿರ್ರಿಯಾ. ಇವತ್ತು ನಾನು ಹೇಳೋಕೆ ಹೊರಟಿರೋದು ಅದ್ರ ಅಜ್ಜಿಯ ಬಗ್ಗೆ, ಅಂದ್ರೆ ಮೆಕ್ಸಿಕೋದ ಹಲಿಸ್ಕೋ ರಾಜ್ಯದ ಬಿರ್ರಿಯಾ, ಮೆಣಸಿನಕಾಯಿ ಮಸಾಲೇಲಿ ನಿಧಾನಕ್ಕೆ ಬೇಯಿಸಿದ ಮೇಕೆ ಮಾಂಸ. ಚೀಸ್ ಇಲ್ಲ, ಎಣ್ಣೇಲಿ ಹುರಿಯೋದಿಲ್ಲ, ಮಾಂಸ, ಒಣಮೆಣಸಿನಕಾಯಿ, ಟೈಮು ಇಷ್ಟೇ. ಪೌಷ್ಟಿಕಾಂಶದ ಲೆಕ್ಕ ಹಾಕಿದ್ರೆ ಅಜ್ಜಿಗೂ ಮೊಮ್ಮಗಳಿಗೂ ಎಷ್ಟು ವ್ಯತ್ಯಾಸ ಅಂತ ಕೆಳಗೆ ಹೇಳ್ತೀನಿ, ನಂಗೇ ಮೊದಲ ಸಲ ನಂಬೋಕಾಗ್ಲಿಲ್ಲ.

ನಾನು ಕಲ್ತಿದ್ದು ಕ್ಯಾಲಿಫೋರ್ನಿಯಾದಲ್ಲಿ ಇದ್ದಾಗ, ಪಕ್ಕದ ಮನೆ ಅಜ್ಜಿ ಹತ್ರ. ಅವ್ರು ಹಲಿಸ್ಕೋ ಕಡೆಯೋರು, ಇಂಗ್ಲಿಷ್ ಅಷ್ಟಕ್ಕಷ್ಟೇ, ನನ್ ಸ್ಪ್ಯಾನಿಷ್ ಅದಕ್ಕಿಂತ ಕಡೆ, ಆದ್ರೂ ಅಡುಗೆಮನೇಲಿ ಭಾಷೆ ಯಾರಿಗೆ ಬೇಕು. ನನ್ನ "ಮಿಹಾ" ಅಂತಿದ್ರು, ನಮ್ಮಲ್ಲಿ "ಮಗಾ" ಅಂತಾರಲ್ಲ ಹಂಗೆ. ಅಳತೆ ಕೇಳಿದ್ರೆ ಅಂಗೈ ತೋರಿಸೋರು. ಕೆಳಗಿರೋ ಗ್ರಾಮು ಲೆಕ್ಕ ಎಲ್ಲಾ ನಾನು ಆಮೇಲೆ ತೂಕ ಮಾಡಿ ಬರ್ಕೊಂಡಿದ್ದು.

ಮೊದ್ಲು ಹೆಸರು, ಆಮೇಲೆ ಮೇಕೆ

ಬಿರ್ರಿಯಾಗೂ ಬಿರಿಯಾನಿಗೂ ಹೆಸರಲ್ಲಿ ಸಂಬಂಧ ಇಲ್ಲ, ಎಲ್ರೂ ಕೇಳ್ತಾರೆ ಅಂತ ಮೊದ್ಲೇ ಹೇಳ್ಬಿಡ್ತೀನಿ. ಸ್ಪ್ಯಾನಿಷಲ್ಲಿ ಬಿರ್ರಿಯಾ ಅಂದ್ರೆ ಕೆಲಸಕ್ಕೆ ಬಾರದ್ದು, ಕಳಪೆ ಮಾಲು. ಹೆಸರೇ ಬೈಗುಳ.

16ನೇ ಶತಮಾನದಲ್ಲಿ ಸ್ಪೇನಿನೋರು ಬರೋ ತನಕ ಮೆಕ್ಸಿಕೋದಲ್ಲಿ ಮೇಕೆ ಅನ್ನೋ ಪ್ರಾಣಿನೇ ಇರ್ಲಿಲ್ಲ. ದನ, ಹಂದಿ, ಕುರಿ, ಮೇಕೆ ಎಲ್ಲಾ ಅವ್ರ ಹಡಗಲ್ಲೇ ಬಂದಿದ್ದು. ಪಶ್ಚಿಮದ ಒಣ ಗುಡ್ಡಗಾಡಲ್ಲಿ ಮೇಕೆ ಚೆನ್ನಾಗಿ ಹೊಂದ್ಕೊಂಡ್ತು, ಸಿಕ್ಕಿದ್ದೆಲ್ಲಾ ಮೇಯ್ತು. ಅಲ್ಲಿನ ಜನ ಹೇಳೋ ಕಥೆ ಪ್ರಕಾರ ಸ್ಪೇನಿನೋರಿಗೆ ಹೋತದ ಮಾಂಸ ಅಂದ್ರೆ ಅಷ್ಟಕ್ಕಷ್ಟೇ, ಗಟ್ಟಿ, ಜೊತೆಗೆ ಆ ವಾಸನೆ, ಹಂಗಾಗಿ ಸ್ಥಳೀಯರ ಪಾಲಿಗೆ ಬಂತು, ಅವ್ರು ತಮ್ಮ ಮೆಣಸಿನಕಾಯಿ ಅರೆದು ಮೆತ್ತಿ ನೆಲದ ಗುಂಡೀಲಿ ರಾತ್ರಿಯೆಲ್ಲಾ ಬೇಯಿಸಿ ಅದನ್ನೇ ಹಬ್ಬದೂಟ ಮಾಡ್ಕೊಂಡ್ರು. ಕಥೆ ಎಷ್ಟು ನಿಜವೋ ಗೊತ್ತಿಲ್ಲ, ಆದ್ರೆ ಹೋತದ ಮಾಂಸ ಬೇಯಿಸಿದೋರಿಗೆ ನಂಬೋದು ಕಷ್ಟ ಆಗಲ್ಲ ಬಿಡಿ.

ಹಳೇ ಪದ್ಧತೀಲಿ ಪಾತ್ರೆಯ ಬಾಯಿಗೆ ಮೆಕ್ಕೆಜೋಳದ ಹಿಟ್ಟು ಮೆತ್ತಿ ಮುಚ್ಚಳ ಸೀಲ್ ಮಾಡ್ತಾರೆ, ನಮ್ಮಲ್ಲಿ ದಮ್ ಬಿರಿಯಾನಿಗೆ ಮೈದಾ ಮೆತ್ತೋ ಹಂಗೇ. ಹೆಸರಲ್ಲಿ ಸಂಬಂಧ ಇಲ್ದಿದ್ರೂ ಉಪಾಯ ಒಂದೇ.

ಇನ್ನೊಂದು ವಿಷಯ, ಹಲಿಸ್ಕೋದಲ್ಲಿ ಇದು ಬಟ್ಟಲೂಟ. ರಾಜಧಾನಿ ಗ್ವಾದಲಹಾರಾದ ನ್ವೇವೆ ಎಸ್ಕೀನಾಸ್ ಅನ್ನೋ ಹಳೇ ಬಡಾವಣೆ ಬಿರ್ರಿಯಾ ಹೋಟೆಲುಗಳಿಗೇ ಫೇಮಸ್ಸು, ಅಲ್ಲಿ ಬಟ್ಟಲಲ್ಲಿ ಮಾಂಸ ಹಾಕಿ ಮೇಲೆ ಸಾರು ಹುಯ್ದು, ಬಿಸಿ ಟೋರ್ಟಿಯಾ, ಅಂದ್ರೆ ಮೆಕ್ಕೆಜೋಳದ ತೆಳು ರೊಟ್ಟಿ, ಬಟ್ಟೇಲಿ ಸುತ್ತಿ ಪಕ್ಕದಲ್ಲಿ ಇಡ್ತಾರೆ, ಮಡಚಿ ಟಾಕೊ ಮಾಡ್ಕೊಳ್ಳೋದು ನಿಮ್ಮ ಕೆಲಸ. ಮದುವೆ, ನಾಮಕರಣ, ಭಾನುವಾರದ ಬೆಳಗ್ಗೆ, ಹಿಂದಿನ ರಾತ್ರಿ ಜಾಸ್ತಿ ಕುಡ್ದಿದ್ರಂತೂ ಇನ್ನೂ ಬೇಗ. ದನದ ಮಾಂಸದ ಬಿರ್ರಿಯಾ, ಟಾಕೊ ಗಾಡಿ ಇದೆಲ್ಲಾ ಅಮೆರಿಕ ಗಡಿ ಹತ್ರದ ತಿಹ್ವಾನಾ ಊರಿನ ದಾರಿ. ಅಲ್ಲಿಂದ ಚೀಸ್ ಸೇರಿ ಲಾಸ್ ಏಂಜಲೀಸಿಗೆ ಬಂದು ಫೋನಿಗೆ ಬಂತು.

ಮಸಾಲೆ ಡಬ್ಬಿ ಯಾಕೆ ನಮ್ಮನೇದ್ ತರ ಇದೆ

ಅಜ್ಜಿ ಡಬ್ಬಿ ತೆಗೆದಾಗ ನಂಗೆ ನಗು ಬಂತು. ಜೀರಿಗೆ, ಲವಂಗ, ಚಕ್ಕೆ, ಕರಿಮೆಣಸು. ಇದ್ಯಾವುದೂ ಮೆಕ್ಸಿಕೋದ ಮೂಲದ್ದಲ್ಲ. ಕೆಲವು ಸ್ಪೇನಿಂದ ಹೋದ್ವು, ಇನ್ನು ಕೆಲವು 1565ರಿಂದ 1815ರ ತನಕ ಫಿಲಿಪ್ಪೀನ್ಸಿನ ಮನಿಲಾದಿಂದ ಮೆಕ್ಸಿಕೋದ ಅಕಾಪುಲ್ಕೋಗೆ ಓಡಾಡ್ತಿದ್ದ ಸ್ಪ್ಯಾನಿಷ್ ಹಡಗುಗಳಲ್ಲಿ ಏಷ್ಯಾದಿಂದ ಹೋದ್ವು. ಅಲ್ಲಿಂದ ಈ ಕಡೆ ಬಂದಿದ್ದೇನು ಅಂದ್ರೆ ಮೆಣಸಿನಕಾಯಿ, ಟೊಮೇಟೊ, ಮೆಕ್ಕೆಜೋಳ, ಬೆಣ್ಣೆಹಣ್ಣು. ಪೋರ್ಚುಗೀಸರು ಮೆಣಸಿನಕಾಯಿ ತಂದಾಗ ನಮ್ಮೋರಿಗೆ ಖಾರ ಅಂದ್ರೆ ಗೊತ್ತಿದ್ದಿದ್ದು ಮೆಣಸು, ಹಂಗಾಗಿ ಇದು ಮೆಣಸಿನ ಕಾಯಿ ಆಯ್ತು. ಅಂದ್ರೆ ಬಿರ್ರಿಯಾ ಅನ್ನೋದು ಮೆಕ್ಸಿಕೋ ಮೆಣಸಿನಕಾಯಿ ನಮ್ಮ ಕಡೆಯ ಮಸಾಲೆ ಸೇರಿ ಅಲ್ಲಿ ಆಗಿದ್ದು, ನಮ್ಮ ಮಟನ್ ಸಾರು ಅದೇ ಜೋಡಿ ಇಲ್ಲಿ ಆಗಿದ್ದು.

ಅಲ್ಲಿ ಬೇಕಾಗಿರೋ ಮೆಣಸಿನಕಾಯಿ ಎರಡು. ಗ್ವಾಹೀಯೊ, ಉದ್ದ, ನುಣುಪು ಸಿಪ್ಪೆ, ಖಾರ ಕಮ್ಮಿ ಬಣ್ಣ ಜಾಸ್ತಿ. ಆಂಚೊ, ಅಗಲ, ಕಪ್ಪಗೆ, ಒಣದ್ರಾಕ್ಷಿ ತರ ಸಿಹಿ ವಾಸನೆ. ಬೆಂಗಳೂರಲ್ಲಿ ಆನ್‌ಲೈನ್ ಸಿಗುತ್ತೆ, ಬೆಲೆ ನೋಡಿ ಹೊಟ್ಟೆ ಉರಿಯುತ್ತೆ. ನಾನು ಗ್ವಾಹೀಯೊ ಬದ್ಲು ಬ್ಯಾಡಗಿ ಹಾಕ್ತೀನಿ, ಅದ್ರಲ್ಲೂ ಡಬ್ಬಿ ಬ್ಯಾಡಗಿ, ಗುಂಡಗೆ ಇರುತ್ತಲ್ಲ ಅದು, ಕಡ್ಡಿ ಬ್ಯಾಡಗಿಗಿಂತ ಬಣ್ಣ ಜಾಸ್ತಿ. ಹಾವೇರಿ ಸೀಮೆಯ ಈ ಮೆಣಸಿನಕಾಯಿ 2011ರಲ್ಲಿ ಜಿಐ ಟ್ಯಾಗ್, ಅಂದ್ರೆ ಊರಿನ ಹೆಸರಿಗೆ ಸಿಗೋ ಭೌಗೋಳಿಕ ಗುರುತು, ಪಡೆದಿದ್ದೇ ಇದೇ ಗುಣಕ್ಕೆ, ಕೆಂಪು ಬಣ್ಣ ಧಾರಾಳ, ಖಾರ ಸುಮಾರು. ಆಂಚೊ ಬದ್ಲು ನಾಲ್ಕೈದು ಒಣದ್ರಾಕ್ಷಿ ಸೇರಿಸ್ತೀನಿ. ಗುಂಟೂರು ಹಾಕ್ಬೇಡಿ ದಯವಿಟ್ಟು, 40 ಗ್ರಾಂ ಗುಂಟೂರು ತಿಂದೋರು ಮಾರನೇ ದಿನ ನಿಮ್ಮನ್ನ ಮಾತಾಡ್ಸಲ್ಲ.

ಮೆಕ್ಸಿಕನ್ ಆರೆಗಾನೊ ಅಂತ ಒಂದು ಸೊಪ್ಪು, ಪಿಜ್ಜಾ ಜೊತೆ ಬರೋ ಆರೆಗಾನೊ ಅಲ್ಲ, ಬೇರೆ ಗಿಡ. ಸಿಗ್ಲಿಲ್ಲ ಅಂದ್ರೆ ಹಿತ್ತಲಲ್ಲಿರೋ ದೊಡ್ಡಪತ್ರೆ ಎರಡು ಎಲೆ ಹಾಕಿ. ಅಜ್ಜಿಗೆ ಆಮೇಲೆ ವಿಡಿಯೋ ಕಾಲಲ್ಲಿ ಗಿಡ ತೋರಿಸಿದ್ರೆ "ಓರೆಗಾನೊ!" ಅಂದ್ಬಿಟ್ರು.

6 ಜನಕ್ಕೆ ಏನೇನು

ಮೂಳೆ ಸಮೇತ ಮೇಕೆ ಮಾಂಸ ಒಂದೂವರೆ ಕೆಜಿ. ಅಂಗಡೀಲಿ ಮುಂದಿನ ಕಾಲು, ಭುಜ, ಸ್ವಲ್ಪ ಪಕ್ಕೆ ಮೂಳೆ ಕೇಳಿ, ಬರೀ ತೊಡೆ ತಗೊಂಡ್ರೆ ನಾರು ನಾರಾಗುತ್ತೆ. ತುಂಡು ದೊಡ್ಡದಿರ್ಲಿ, ಅಂಗೈಯಷ್ಟು, ಸಾರಿಗೆ ಕತ್ತರಿಸೋ ಸೈಜು ಬೇಡ. ಇನ್ನೊಂದು ಗಮನಿಸಿ, ಅಂಗಡಿಯಲ್ಲಿ ಮಟನ್ ಅಂದ್ರೆ ಕುರೀನೂ ಇರ್ಬಹುದು, ಕುರಿಯಲ್ಲಿ ಕೊಬ್ಬು ಜಾಸ್ತಿ, ಕೆಳಗೆ ನಾನು ಕೊಟ್ಟಿರೋ ಲೆಕ್ಕ ಮೇಕೆಗೆ ಮಾತ್ರ.

ಬ್ಯಾಡಗಿ 40 ಗ್ರಾಂ, ಒಣದ್ರಾಕ್ಷಿ ನಾಲ್ಕೈದು, ಟೊಮೇಟೊ 3, ಈರುಳ್ಳಿ 1, ಬೆಳ್ಳುಳ್ಳಿ 8 ಎಸಳು, ಬೆರಳುದ್ದ ಶುಂಠಿ, ಜೀರಿಗೆ ಒಂದು ಟೀ ಸ್ಪೂನ್, ಲವಂಗ 3, ಚಕ್ಕೆ ಒಂದಿಂಚು, ಕರಿಮೆಣಸು ಹತ್ತು ಕಾಳು, ಪಲಾವ್ ಎಲೆ 2, ದೊಡ್ಡಪತ್ರೆ 2 ಎಲೆ, ವಿನೆಗರ್ 3 ಟೇಬಲ್ ಸ್ಪೂನ್, ಉಪ್ಪು 15 ಗ್ರಾಂ ಅಂದ್ರೆ ಎರಡೂವರೆ ಟೀ ಸ್ಪೂನ್, ನೀರು ಒಂದೂವರೆ ಲೀಟರ್. ಎಣ್ಣೆ? ಬೇಡ. ಮಾಂಸದಲ್ಲೇ ಬರುತ್ತೆ.

ಮೆಣಸಿನಕಾಯಿ ಹುರಿಯೋದು, ಇಲ್ಲೇ ಎಲ್ಲಾ ಇರೋದು

ತೊಟ್ಟು ಕಿತ್ತು ಬೀಜ ಉದುರ್ಸಿ. ಕಬ್ಬಿಣದ ತವಾ ಮಧ್ಯಮ ಉರೀಲಿ ಕಾಯಿಸಿ, ಎಣ್ಣೆ ಹಾಕದೆ ನಾಲ್ಕೈದೇ ಮೆಣಸಿನಕಾಯಿ ಇಟ್ಟು ಸ್ಪೂನಲ್ಲಿ ಒತ್ತಿ ಹಿಡೀರಿ, ಒಂದೊಂದು ಬದಿ 20 ಸೆಕೆಂಡು. ಸಿಪ್ಪೆ ಸ್ವಲ್ಪ ಉಬ್ಬುತ್ತೆ, ಗಾಢ ಕೆಂಪಿಂದ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ, ಘಮ್ ಅನ್ನುತ್ತೆ, ತಕ್ಷಣ ತೆಗೀಬೇಕು. ಘಮ ಹೋಗಿ ಕೆಮ್ಮು ಶುರುವಾಯ್ತು ಅಂದ್ರೆ ಸೀದಿದೆ ಅಂತ ಅರ್ಥ, ಬಿಸಾಕಿ. ನಾನು ಮೊದಲ ಸಲ ಫೋನಲ್ಲಿ ಮಾತಾಡ್ತಾ ಎರಡು ಕಪ್ಪಾಗಿದ್ವು, ಎರಡೇ ತಾನೇ ಅಂತ ಹಾಕ್ದೆ, ಇಡೀ ಪಾತ್ರೆ ಕಹಿ, ಮೂರು ಗಂಟೆ ಗ್ಯಾಸು ಒಂದೂವರೆ ಕೆಜಿ ಮಾಂಸ ಎಲ್ಲಾ ನೀರಲ್ಲಿ ಹೋಮ. ಸೀದ ಕಹಿಗೆ ಬೆಲ್ಲ ಹಾಕಿದ್ರೂ ನಿಂಬೆ ಹಿಂಡಿದ್ರೂ ಹೋಗಲ್ಲ, ಎರಡೂ ಮಾಡಿ ನೋಡಿದೀನಿ.

ಹುರಿದ ಮೇಲೆ ಬಿಸಿನೀರಲ್ಲಿ 20 ನಿಮಿಷ ನೆನೆಸಿ. ಅದೇ ತವಾದಲ್ಲಿ ಟೊಮೇಟೊ, ಈರುಳ್ಳಿ, ಸಿಪ್ಪೆ ಸಮೇತ ಬೆಳ್ಳುಳ್ಳಿ ಅಲ್ಲಲ್ಲಿ ಕಪ್ಪಾಗೋ ತನಕ ಸುಡಿ, ಇವು ಸುಟ್ರೆ ತೊಂದ್ರೆ ಇಲ್ಲ. ಬೆಳ್ಳುಳ್ಳಿ ಸಿಪ್ಪೆ ಆಮೇಲೆ ತೆಗೀರಿ. ನೆನೆಸಿದ ನೀರನ್ನ ಒಂದು ಹನಿ ನೆಕ್ಕಿ ನೋಡಿ, ಕಹಿ ಇದ್ರೆ ಚೆಲ್ಲಿ, ಇಲ್ಲಾಂದ್ರೆ ರುಬ್ಬೋಕೆ ಅದನ್ನೇ ಬಳಸಿ. ಪಲಾವ್ ಎಲೆ ಬಿಟ್ಟು ಮಸಾಲೆ, ಉಪ್ಪು, ವಿನೆಗರ್ ಎಲ್ಲಾ ಸೇರ್ಸಿ ನುಣ್ಣಗೆ ರುಬ್ಬಿ ಜರಡೀಲಿ ಸೋಸಿ. ಮೆಣಸಿನಕಾಯಿ ಸಿಪ್ಪೆ ಎಷ್ಟು ರುಬ್ಬಿದ್ರೂ ಬಾಯಿಗೆ ಸಿಗುತ್ತೆ, ಸೋಸೋದು ಸೋಮಾರಿತನ ಮಾಡ್ಬೇಡಿ. ಈ ಕೆಂಪು ಪೇಸ್ಟಿಗೆ ಅವ್ರು ಅಡೋಬೊ ಅಂತಾರೆ.

ಮಾಂಸಕ್ಕೆ ಮೆತ್ತಿ ರಾತ್ರಿಯಿಡೀ ಫ್ರಿಜ್ಜಲ್ಲಿಡಿ. ಕನಿಷ್ಠ ನಾಲ್ಕು ಗಂಟೆ.

ಬೇಯಿಸೋದು

ದಪ್ಪ ತಳದ ಪಾತ್ರೆಗೆ ಮಾಂಸ, ಮಸಾಲೆ, ಪಲಾವ್ ಎಲೆ, ದೊಡ್ಡಪತ್ರೆ, ನೀರು ಹಾಕಿ ಒಂದು ಕುದಿ ಬಂದ್ಮೇಲೆ ಉರಿ ಸಣ್ಣ ಮಾಡಿ ಮುಚ್ಚಿ. ಮೂರರಿಂದ ಮೂರೂವರೆ ಗಂಟೆ. ಕೊತಕೊತ ಕುದೀಬಾರ್ದು, ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದ್ರೆ ಸಾಕು. ಯಾಕೆ ಇಷ್ಟೊತ್ತು ಅಂದ್ರೆ ಭುಜ, ಕಾಲಿನ ಮಾಂಸದಲ್ಲಿ ಕೊಲಾಜನ್ ಅನ್ನೋ ಗಟ್ಟಿ ಅಂಟು ಜಾಸ್ತಿ, ಅದು 70-80 ಡಿಗ್ರೀಲಿ ನಿಧಾನಕ್ಕೆ ಕರಗಿ ಜೆಲಟಿನ್ ಆಗುತ್ತೆ, ಕಾಲು ಸೂಪು ತಣ್ಣಗಾದಾಗ ಗಟ್ಟಿಯಾಗುತ್ತಲ್ಲ ಅದೇ. ಸಾರು ತುಟಿಗೆ ಅಂಟಿದ್ರೆ ಆಗಿದೆ ಅಂತ.

ಟೈಮಿಲ್ಲ ಅಂದ್ರೆ ಕುಕ್ಕರ್. ಒಂದು ವಿಶಲ್ ಬಂದ್ಮೇಲೆ ಸಿಮ್ಮಲ್ಲಿ 40-45 ನಿಮಿಷ. ಮಸಾಲೆ ದಪ್ಪ ಇರೋದ್ರಿಂದ ತಳ ಹಿಡಿಯುತ್ತೆ, ಚೆನ್ನಾಗಿ ಕಲಸಿ ಮುಚ್ಚಿ. ಕುಕ್ಕರಲ್ಲಿ ಮಾಡಿದ್ರೆ ರುಚಿ ಸ್ವಲ್ಪ ಕಮ್ಮಿ, ಸುಳ್ಳು ಹೇಳಲ್ಲ, ಆದ್ರೆ ಹಲಿಸ್ಕೋ ಅಜ್ಜೀನೇ ವಾರದ ದಿನ ಕುಕ್ಕರ್ ಇಡ್ತಿದ್ರು.

ಬೆಂದ್ಮೇಲೆ ಮಾಂಸ ಹೊರಗೆ ತೆಗೆದು ಮೂಳೆ ಬಿಡಿಸಿ, ಎರಡು ಫೋರ್ಕಲ್ಲಿ ಎಳೆ ಬಿಡಿಸಿ. ಓವನ್ ಇದ್ರೆ ತಟ್ಟೇಲಿ ಹರಡಿ ಜೋರು ಶಾಖದಲ್ಲಿ ಹತ್ತು ನಿಮಿಷ ಇಟ್ರೆ ಅಂಚು ಗರಿಗರಿ ಆಗುತ್ತೆ, ಗ್ವಾದಲಹಾರಾ ಕಡೆ ಇದು ಬಹಳ ಇಷ್ಟ. ಸಾರನ್ನ ಸೋಸಿ ಸುಮ್ನೆ ಬಿಡಿ, ಮೇಲೆ ಕೆಂಪು ಕೊಬ್ಬು ತೇಲುತ್ತೆ. ಅದನ್ನ ಸೌಟಲ್ಲಿ ತೆಗೆದು ಬೇರೆ ಬಟ್ಟಲಿಗೆ ಹಾಕಿ. ನಿಮ್ಮ ಊಟ 400 ಕ್ಯಾಲೊರಿನೋ 900 ಕ್ಯಾಲೊರಿನೋ ಅಂತ ನಿರ್ಧಾರ ಆಗೋದ್ರಲ್ಲಿ ಈ ಬಟ್ಟಲಿಗೆ ದೊಡ್ಡ ಪಾತ್ರ ಇದೆ.

ಟೋರ್ಟಿಯಾ ಮತ್ತು ಸುಣ್ಣದ ಕಥೆ

ಸೂಪರ್‌ಮಾರ್ಕೆಟ್ಟಿನ ಮೆಕ್ಕೆಜೋಳದ ಹಿಟ್ಟು ತಂದು ಟೋರ್ಟಿಯಾ ಮಾಡೋಕೆ ಹೋದ್ರೆ ಮಡಚಿದ ತಕ್ಷಣ ಎರಡು ಹೋಳು. ನಾನೂ ಹಂಗೇ ಮಾಡಿ ಕೊನೆಗೆ ಸ್ಪೂನಲ್ಲಿ ತಿಂದಿದೀನಿ. ತಪ್ಪು ಕೈದಲ್ಲ, ಹಿಟ್ಟಿಂದು. ಮೆಕ್ಸಿಕೋದಲ್ಲಿ ಜೋಳನ ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿ ನೆನೆಸಿ, ತೊಳ್ದು, ಆಮೇಲೆ ರುಬ್ತಾರೆ. ಇದಕ್ಕೆ ನಿಶ್ತಮಾಲ್ ಅಂತ ಹೆಸರು, ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯ ಪದ, ಅದ್ರಲ್ಲಿ ಬೂದಿ ಅನ್ನೋ ಅರ್ಥ ಸೇರಿದೆ. ಸುಣ್ಣ ಕಾಳಿನ ಸಿಪ್ಪೆ ಸಡಿಲ ಮಾಡುತ್ತೆ, ಹಿಟ್ಟಿಗೆ ಜಿಗುಟು ಕೊಡುತ್ತೆ, ಕ್ಯಾಲ್ಸಿಯಂ ಸೇರಿಸುತ್ತೆ, ಎಲ್ಲಕ್ಕಿಂತ ಮುಖ್ಯ, ಜೋಳದಲ್ಲಿ ಬಂಧಿಯಾಗಿರೋ ನಯಾಸಿನ್ ಅಂದ್ರೆ ಬಿ3 ವಿಟಮಿನ್ನನ್ನ ಬಿಡಿಸುತ್ತೆ.

ಇದೇನು ಸಣ್ಣ ವಿಷಯ ಅನ್ಕೋಬೇಡಿ. ಯುರೋಪಿನೋರು ಜೋಳ ತಗೊಂಡು ಹೋದ್ರು, ಸುಣ್ಣದ ಉಪಾಯ ಅಲ್ಲೇ ಬಿಟ್ಟು ಹೋದ್ರು. ಜೋಳ ಒಂದನ್ನೇ ತಿನ್ನೋ ಬಡವರಿಗೆ ಚರ್ಮ ಸುಲಿಯೋದು, ಭೇದಿ, ಕೊನೆಗೆ ಬುದ್ಧಿಭ್ರಮಣೆ ತನಕ ಹೋಗೋ ಪೆಲಗ್ರಾ ಕಾಯಿಲೆ ಹಿಡೀತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ ಇದನ್ನ ಮೊದ್ಲು ಗುರುತಿಸಿದ್ರು, ನಯಾಸಿನ್ ಕೊರತೆ ಅಂತ ಪತ್ತೆ ಆಗಿದ್ದು 1937ರಲ್ಲಿ, ಅಂದ್ರೆ 200 ವರ್ಷ ಬೇಕಾಯ್ತು. ಅಷ್ಟೂ ವರ್ಷ ಮೆಕ್ಸಿಕೋದ ಹೆಂಗಸ್ರು ದಿನಾ ರಾತ್ರಿ ಜೋಳಕ್ಕೆ ಸುಣ್ಣ ಹಾಕಿ ಮಲಗ್ತಿದ್ರು.

ಸುಲಭದ ದಾರಿ ಅಂದ್ರೆ ಮಾಸಾ ಹರೀನಾ ಅಂತ ರೆಡಿ ಹಿಟ್ಟು ಸಿಗುತ್ತೆ, 2 ಕಪ್ ಹಿಟ್ಟಿಗೆ ಒಂದೂವರೆ ಕಪ್ ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ ನಾದಿ ಅರ್ಧ ಗಂಟೆ ಬಿಡಿ. ಮನೇಲೇ ಮಾಡ್ತೀನಿ ಅನ್ನೋರಿಗೆ, ಒಣ ಮೆಕ್ಕೆಜೋಳ ಅರ್ಧ ಕೆಜಿ, ನೀರು ಒಂದೂವರೆ ಲೀಟರ್, ತಿನ್ನೋ ಸುಣ್ಣದ ಪುಡಿ 5 ಗ್ರಾಂ. ವೀಳ್ಯದೆಲೆಗೆ ಹಚ್ಚೋ ಬಿಳಿ ಸುಣ್ಣ ಆದ್ರೆ ಅದ್ರಲ್ಲಿ ನೀರಿರುತ್ತೆ, ಒಂದೂವರೆ ಟೀ ಸ್ಪೂನ್. ಗೋಡೆಗೆ ಬಳಿಯೋ ಸುಣ್ಣ, ಅರಳಿಸದ ಸುಣ್ಣ ಎರಡೂ ಬೇಡವೇ ಬೇಡ, ಬಿತ್ತನೆ ಬೀಜದ ಜೋಳಾನೂ ಬೇಡ ಅದಕ್ಕೆ ಔಷಧಿ ಹಾಕಿರ್ತಾರೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲಿರ್ಲಿ. ಸಣ್ಣ ಉರೀಲಿ 40 ನಿಮಿಷ ಬೇಯಿಸಿ ರಾತ್ರಿ ಹಾಗೇ ಬಿಡಿ. ಬೆಳಗ್ಗೆ ನೀರು ಹಳದಿ ಆಗಿರುತ್ತೆ, ಕಾಳು ಉಜ್ಜಿದ್ರೆ ಸಿಪ್ಪೆ ಜಾರುತ್ತೆ, ಮೂರು ಸಲ ತೊಳೀರಿ. ಗ್ರೈಂಡರಲ್ಲಿ ನೀರು ಚಿಮುಕಿಸಿ ಚಿಮುಕಿಸಿ ಗಟ್ಟಿಗೆ ರುಬ್ಬಿ. ಮಿಕ್ಸೀಲಿ ನೀರು ಜಾಸ್ತಿ ಕೇಳುತ್ತೆ, ಹಿಟ್ಟು ಸಡಿಲ ಆಗುತ್ತೆ, ನಾನು ಮಿಕ್ಸಿ ಕೈಬಿಟ್ಟಿದೀನಿ.

30 ಗ್ರಾಂ ಉಂಡೆ ಮಾಡಿ, ಕತ್ತರಿಸಿದ ಹಾಲಿನ ಕವರ್ ಎರಡರ ಮಧ್ಯೆ ಇಟ್ಟು ಭಾರದ ತಟ್ಟೆಯಿಂದ ಒತ್ತಿ. ತವಾ ಚೆನ್ನಾಗಿ ಕಾದಿರ್ಬೇಕು. 30 ಸೆಕೆಂಡಿಗೆ ತಿರುವಿ, ಆ ಬದಿ ಒಂದು ನಿಮಿಷ, ಮತ್ತೆ ತಿರುವಿದಾಗ ಉಬ್ಬುತ್ತೆ. ಬೆಂದಿದ್ದನ್ನೆಲ್ಲಾ ಬಟ್ಟೇಲಿ ಸುತ್ತಿ ಹತ್ತು ನಿಮಿಷ ಇಟ್ರೇನೇ ಮೆತ್ತಗಾಗೋದು, ಆತುರ ಬಿದ್ರೆ ಬಿರಿಯುತ್ತೆ.

ಟಾಕೊ ಕಟ್ಟೋಕೆ ಟೋರ್ಟಿಯಾ ಮೇಲೆ ಮಾಂಸ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆ. ಪಕ್ಕದಲ್ಲಿ ಕಪ್ಪಲ್ಲಿ ಸಾರು, ಅವ್ರು ಕೊನ್ಸೊಮೆ ಅಂತಾರೆ. ಅಷ್ಟೇ. ಲೆಟಿಸ್, ಮೇಯೊ, ಕೆಚಪ್ ಯಾರಾದ್ರೂ ಕೇಳಿದ್ರೆ ಕೇಳಿಸ್ಲಿಲ್ಲ ಅಂತ ಇರಿ.

ಈಗ ಲೆಕ್ಕ

100 ಗ್ರಾಂ ಬೇಯಿಸಿದ ಮೇಕೆ ಮಾಂಸ, ಕೊಬ್ಬು ತೆಗೆದಿದ್ದು, ಸುಮಾರು 143 ಕ್ಯಾಲೊರಿ, ಪ್ರೋಟೀನ್ 27 ಗ್ರಾಂ, ಕೊಬ್ಬು 3 ಗ್ರಾಂ, ಕಬ್ಬಿಣ 3.7 ಮಿಲಿಗ್ರಾಂ. ಅಮೆರಿಕದ ಕೃಷಿ ಇಲಾಖೆ ಪಟ್ಟಿಯ ಅಂಕಿ ಇವು. ಜೋಳದ ಟೋರ್ಟಿಯಾ ಒಂದಕ್ಕೆ, 25 ಗ್ರಾಂ ಅಂತ ಇಟ್ಕೊಳ್ಳಿ, 55 ಕ್ಯಾಲೊರಿ, ನಾರು ಒಂದೂವರೆ ಗ್ರಾಂ.

ಒಬ್ಬರಿಗೆ 3 ಟಾಕೊ, ಒಟ್ಟು 120 ಗ್ರಾಂ ಮಾಂಸ. ಮಾಂಸದಿಂದ 172, ಟೋರ್ಟಿಯಾದಿಂದ 165, ಈರುಳ್ಳಿ ನಿಂಬೆ ಲೆಕ್ಕಕ್ಕಿಲ್ಲ, ಕೊಬ್ಬು ತೆಗೆದ ಸಾರು ಒಂದು ಕಪ್ಪಿಗೆ ಐವತ್ತು ಹಾಕಿ. 400 ದಾಟಲ್ಲ. ಪ್ರೋಟೀನ್ 36 ಗ್ರಾಂ ಮೇಲೆ. ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಪಟ್ಟಿ ಪ್ರಕಾರ ಗಂಡಸರಿಗೆ ದಿನಕ್ಕೆ 19, ಹೆಂಗಸರಿಗೆ 29 ಮಿಲಿಗ್ರಾಂ ಬೇಕು, ಒಂದೇ ಊಟಕ್ಕೆ ಇಷ್ಟು ಬಂದ್ರೆ ಕಮ್ಮಿ ಏನಲ್ಲ, ಅದ್ರಲ್ಲೂ ಮಾಂಸದ ಕಬ್ಬಿಣ ಸೊಪ್ಪಿನ ಕಬ್ಬಿಣಕ್ಕಿಂತ ಮೈಗೆ ಚೆನ್ನಾಗಿ ಹತ್ತುತ್ತೆ.

ಈಗ ರೀಲ್ಸ್ ಮೊಮ್ಮಗಳು. ಅದೇ 3 ಟೋರ್ಟಿಯಾ 165, ಕೊಬ್ಬಿರೋ ದನದ ಮಾಂಸ 120 ಗ್ರಾಂಗೆ ಮುನ್ನೂರೈವತ್ತರ ಹತ್ರ, ಟಾಕೊಗೆ 30 ಗ್ರಾಂ ಚೀಸ್ ಅಂದ್ರೂ 270, ಹುರಿಯೋ ಕೊಬ್ಬು ಒಂದೊಂದಕ್ಕೆ ಒಂದೇ ಟೀ ಸ್ಪೂನ್ ಅಂದ್ರೆ 135. ಒಟ್ಟು 900 ದಾಟ್ತು. ಸಾರು ಇನ್ನೂ ಸೇರಿಸಿಲ್ಲ, ಒಂದು ಟೀ ಸ್ಪೂನಲ್ಲಿ ಯಾರೂ ನಿಲ್ಸಲ್ಲ ಅನ್ನೋದೂ ಗೊತ್ತಲ್ಲ. ತಿನ್ಬೇಡಿ ಅಂತಿಲ್ಲ ನಾನು, ತಿಂಗಳಿಗೊಂದ್ಸಲ ನಾನೂ ತಿಂತೀನಿ, ಬರೀ "ಬಿರ್ರಿಯಾ ಅಂದ್ರೆ ಜಂಕ್" ಅಂತ ಹೇಳೋರಿಗೆ ಯಾವ ಬಿರ್ರಿಯಾ ಅಂತ ಕೇಳಿ.

ಎರಡರಲ್ಲೂ ಇರೋ ತೊಂದ್ರೆ ಉಪ್ಪು. 15 ಗ್ರಾಂ ಉಪ್ಪು 6 ಜನಕ್ಕೆ ಹಂಚಿದ್ರೆ ತಲೆಗೆ ಎರಡೂವರೆ ಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳೋದು 5 ಗ್ರಾಂ ಒಳಗೆ. ಬಿಪಿ ಇರೋರು ಟಾಕೊ ತಿಂದು ಸಾರು ಅರ್ಧ ಕಪ್ಪಿಗೆ ನಿಲ್ಸಿ. ಯೂರಿಕ್ ಆಸಿಡ್ ತೊಂದ್ರೆ ಇರೋರಿಗೂ ಮಾಂಸದ ಸಾರು ಆಗ್ಬರಲ್ಲ, ಕಿಡ್ನಿ ಸಮಸ್ಯೆ ಇದ್ರೆ ಡಾಕ್ಟರ್ ಹೇಳಿದಷ್ಟೇ.

ಉಳಿದಿದ್ದು

ಮಾಂಸ, ಸಾರು ಬೇರೆ ಬೇರೆ ಡಬ್ಬೀಲಿ ಫ್ರಿಜ್ಜಲ್ಲಿಟ್ರೆ ಮೂರು ದಿನ. ಮಾರನೇ ದಿನ ಸಾರು ಜೆಲ್ಲಿ ತರ ಗಟ್ಟಿಯಾಗಿರುತ್ತೆ, ಮೇಲೆ ಉಳಿದ ಕೊಬ್ಬು ಕೆಂಪು ಮೇಣದ ಹಾಗೆ ಪದರ ಕಟ್ಟಿರುತ್ತೆ, ಸ್ಪೂನಲ್ಲಿ ಎತ್ತಿದ್ರೆ ಬಿಲ್ಲೆಯಂಗೆ ಬರುತ್ತೆ, ಸೌಟಲ್ಲಿ ಒದ್ದಾಡೋದಕ್ಕಿಂತ ಇದೇ ಸಲೀಸು, ಹಂಗಾಗಿ ನೆಂಟರು ಬರೋ ಹಿಂದಿನ ದಿನವೇ ಮಾಡಿಡ್ತೀನಿ ನಾನು. ಆ ಕೊಬ್ಬನ್ನ ಚೆಲ್ಬೇಡಿ, ಚಿಕ್ಕ ಬಾಟಲಿಗೆ ಹಾಕಿ ಫ್ರೀಜರಲ್ಲಿಡಿ, ಮೊಟ್ಟೆ ಹುರಿಯೋಕೆ ಅರ್ಧ ಟೀ ಸ್ಪೂನ್ ಸಾಕು. ನಮ್ಮಮ್ಮಂಗೆ ಟೋರ್ಟಿಯಾ ಹಿಡಿಸ್ಲಿಲ್ಲ, "ಇದ್ಯಾಕೆ ರೊಟ್ಟಿ ಸುಣ್ಣದ ವಾಸ್ನೆ" ಅಂತ ಪಕ್ಕಕ್ಕಿಟ್ಟು ಆ ಸಾರಿಗೆ ಮುದ್ದೆ ಮಾಡ್ಕೊಂಡು ಉಂಡ್ರು, ಎರಡನೇ ಮುದ್ದೆಗೆ ಸಾರು ಸಾಲದೆ ನನ್ನ ಕಪ್ಪೂ ಹೋಯ್ತು.